ಪಟಾಕಿಯ ಸಪ್ಪಳ ಮತ್ತು ಹೊಲ ಕಾಯುವ ನಾಯಿ

ತೊಗರಿಯ ಕಾಯಿಕೊರಕ ಹುಳು, ಬಿಳಿಜೋಳದ ಬಿತ್ತನೆ, ಗೊಬ್ಬರದ ಲೆಕ್ಕ, ಇಂಥ ಮಾತುಗಳನ್ನೇ ನಾನು ಸಾಮಾನ್ಯವಾಗಿ ನಿಮ್ಮೊಡನೆ ಆಡುವುದು. ಇಂದು ನಿಮ್ಮ ನಾಯಿಯ ವಿಷಯ ಎತ್ತಿಕೊಂಡಿದ್ದೇನೆ. ನಗಬೇಡಿರಿ, ಇದೂ ಬೆಳೆಯ ವಿಷಯವೇ ಆಗಿದೆ.

ಲೆಕ್ಕ ಹಾಕಿ ನೋಡಿರಿ. ಆಳಂದ, ಅಫಜಲಪುರ, ಜೇವರ್ಗಿ ಈ ಮೂರೂ ತಾಲೂಕುಗಳಲ್ಲಿ ದೀಪಾವಳಿಯ ಹೊತ್ತಿಗೆ ತೊಗರಿ ಹೂವು ಬಿಟ್ಟು ಕಾಯಿ ಕಟ್ಟುತ್ತಿರುತ್ತದೆ. ಕಡಲೆ ಆಗತಾನೆ ಮೊಳೆತು ಎಳೆಯ ಎಲೆ ಬಿಟ್ಟಿರುತ್ತದೆ. ಭೀಮಾ ದಂಡೆಯ ಕಬ್ಬು ಆಳೆತ್ತರ ನಿಂತಿರುತ್ತದೆ. ಹಂದಿ, ಚಿಗರಿ ಹೊಲಕ್ಕೆ ಇಳಿಯುವ ಕಾಲವೂ ಅದೇ. ಆಗ ರಾತ್ರಿ ಹೊಲದಲ್ಲಿ ನಿಮಗಿಂತ ಮೊದಲು ಎಚ್ಚರಾಗುವವರು ಯಾರು? ನಾಯಿಯೇ ಅಲ್ಲವೆ? ಸರಿಯಾಗಿ ಅದೇ ವಾರದಲ್ಲಿ ಊರೊಳಗೆ ಪಟಾಕಿ ಸಿಡಿಯುತ್ತವೆ. ನಾಯಿ ಹಗ್ಗ ಹರಿದುಕೊಂಡು ಕತ್ತಲಲ್ಲಿ ಓಡುತ್ತದೆ. ಕೆಲವು ಮರುದಿನ ಬರುತ್ತವೆ, ಕೆಲವು ಬರುವುದೇ ಇಲ್ಲ. ರಸ್ತೆಯ ಮೇಲೆ ಲಾರಿಗೆ ಸಿಕ್ಕವು, ಬಾವಿಗೆ ಬಿದ್ದವು, ಬೇರೆ ಊರಿನ ನಾಯಿಗಳ ಬಾಯಿಗೆ ಸಿಕ್ಕವು, ಇವೆಲ್ಲ ನಿಮಗೆ ಗೊತ್ತಿದ್ದದ್ದೇ. ಎರಡು-ಮೂರು ವರ್ಷ ಹೊಲದ ದಾರಿ, ಮನೆಯ ಮಂದಿ, ದನಕರು ಎಲ್ಲ ಗುರುತು ಹಿಡಿದು ತಯಾರಾದ ನಾಯಿ ಹೋಯಿತೆಂದರೆ ಆ ಹಂಗಾಮಿಗೆ ಇನ್ನೊಂದು ಸಿಗುವುದಿಲ್ಲ.

"ಸಾಹೇಬ್ರ, ನಮ್ಮ ನಾಯಿ ಹಂದಿಗಿ ಹೆದರಂಗಿಲ್ಲ, ಪಟಾಕಿಗಿ ಹೆದರ್ತದ. ಇದೆಂಥಾ ನಾಯಿರಿ?" ಎಂದು ಕೇಳುವವರಿದ್ದಾರೆ. ಕೇಳುವುದು ನ್ಯಾಯವೇ. ಆದರೆ ಹಂದಿಗೂ ಪಟಾಕಿಗೂ ದೊಡ್ಡ ಅಂತರವಿದೆ. ಹಂದಿಗೆ ವಾಸನೆಯುಂಟು, ಮೈಯುಂಟು, ಅದು ಬರುವ ದಿಕ್ಕು ಉಂಟು. ನಾಯಿ ಮೂಗಿನಿಂದ ಅದನ್ನು ಮೊದಲೇ ಅರಿತು ನಿಲ್ಲುತ್ತದೆ. ಪಟಾಕಿಗೆ ಇದೊಂದೂ ಇಲ್ಲ. ಮುನ್ಸೂಚನೆಯಿಲ್ಲದೆ ಆಕಾಶದಿಂದ ಬರುತ್ತದೆ, ಬೆಳಕು ಹೊಡೆಯುತ್ತದೆ, ನೆಲ ಅದುರುತ್ತದೆ, ಹುಡುಕಿದರೆ ಯಾರೂ ಇಲ್ಲ. ಬೊಗಳಬೇಕೆಂದರೆ ಯಾರಿಗೆ ಬೊಗಳಬೇಕು? ಅದರ ಮೇಲೆ ನಾಯಿಯ ಕಿವಿ ಬಹಳ ಸೂಕ್ಷ್ಮ. ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳ ಸ್ವರದವರೆಗೆ ಕೇಳಿಸಿದರೆ ನಾಯಿಗೆ ಸುಮಾರು 45,000ದವರೆಗೆ ಕೇಳಿಸುತ್ತದೆ. ಮುಗಿಲಿಗೆ ಹಾರುವ ಬಾಣದ ಸಿಳ್ಳು ನಮಗೆ ಒಂದು ಎಳೆ ಕೇಳಿದರೆ ಅದಕ್ಕೆ ನಾಲ್ಕು ಎಳೆ ಕೇಳುತ್ತದೆಂದು ತಿಳಿಯಿರಿ. ಆದ್ದರಿಂದ ಓಡುವ ನಾಯಿ ಪುಕ್ಕಲು ನಾಯಿಯಲ್ಲ. ಪರದೇಶಗಳಲ್ಲಿ ವಿಚಾರಿಸಿ ನೋಡಿದಾಗಲೂ ನಾಲ್ಕು ನಾಯಿಗಳಲ್ಲಿ ಒಂದಾದರೂ ಇಂಥ ಸದ್ದಿಗೆ ಹೆದರುವುದು ಕಂಡುಬಂದಿದೆ.

ನಮ್ಮ ಭಾಗದ ನಾಯಿಗೆ ಇನ್ನೊಂದು ತೊಂದರೆ. ಎರೆ ಬಯಲು ನೋಡ್ರಿ, ಸದ್ದನ್ನು ತಡೆಯಲು ಗುಡ್ಡವಿಲ್ಲ, ಅಡಗಲು ಗಿಡಗಂಟಿ ಕಡಿಮೆ. ಒಮ್ಮೆ ಓಟಕ್ಕೆ ಬಿದ್ದ ನಾಯಿ ನಿಲ್ಲಲು ಜಾಗ ಕಾಣದೆ ಹರದಾರಿಗಟ್ಟಲೆ ಹೋಗಿಬಿಡುತ್ತದೆ.

ಓಡುವ ಮೊದಲೇ ನಾಯಿ ಹೇಳುತ್ತದೆ, ನಾವು ನೋಡಬೇಕಷ್ಟೆ. ಬಿಸಿಲಿಲ್ಲದಿದ್ದರೂ ತೇಕುವುದು, ಮತ್ತೆ ಮತ್ತೆ ಆಕಳಿಸುವುದು, ತುಟಿ ನೆಕ್ಕುವುದು, ಬಾಲವನ್ನು ಹಿಂಗಾಲ ಸಂದಿಯಲ್ಲಿ ಸೇರಿಸುವುದು, ಕಿವಿ ಹಿಂದಕ್ಕೆ ಒತ್ತುವುದು, ನಡುಗುವುದು, ಜೊಲ್ಲು ಸುರಿಸುವುದು, ಮೂಲೆಯಲ್ಲಿ ನೆಲ ಕೆದರುವುದು. ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸುವ ರೊಟ್ಟಿಯ ತುಣುಕನ್ನೂ ಮೂಸಿ ಬಿಟ್ಟರೆ ಹೆದರಿಕೆ ಬಹಳವಾಗಿದೆ ಎಂದರ್ಥ. ಇದುವರೆಗೆ ಹೆದರದಿದ್ದ ಹಳೆಯ ನಾಯಿ ಈ ವರ್ಷ ಹೊಸದಾಗಿ ಹೆದರತೊಡಗಿದರೆ ಅದರ ಸೊಂಟ, ಮೊಣಕಾಲು ಮುಟ್ಟಿ ನೋಡಿರಿ. ಬೆಚ್ಚಿಬಿದ್ದಾಗ ನೋಯುವ ಕೀಲು ಇನ್ನಷ್ಟು ನೋಯುತ್ತದೆ, ನಾಯಿ ಆ ನೋವನ್ನು ಸದ್ದಿಗೆ ಗಂಟು ಹಾಕುತ್ತದೆ. ಅಂಥದನ್ನು ಪಶುವೈದ್ಯರಿಗೆ ತೋರಿಸಬೇಕು.

ಇನ್ನು ಮಾಡಬೇಕಾದ ಕೆಲಸ. ಬಹಳ ಮಂದಿ ಅಮಾವಾಸ್ಯೆಯ ಸಂಜೆ ಮೊದಲನೆಯ ಢಂ ಕೇಳಿದ ಮೇಲೆ ನಾಯಿಯ ಕಡೆ ಓಡುತ್ತಾರೆ. ಆಗ ಹೊತ್ತು ಮೀರಿರುತ್ತದೆ. ಗಣಪತಿಯನ್ನು ನೀರಿಗೆ ಬಿಟ್ಟ ಮೇಲೆ ದೀಪಾವಳಿಗೆ ಆರೇಳು ವಾರ ಸಿಗುತ್ತವೆ. ಅಭ್ಯಾಸ ಅಲ್ಲಿಂದಲೇ ಶುರುವಾಗಬೇಕು.

ಅಭ್ಯಾಸ ಬಹಳ ಸುಲಭ, ಸಮಾಧಾನ ಮಾತ್ರ ಬೇಕು. ಮೊಬೈಲಿನಲ್ಲಿ ಪಟಾಕಿಯ ಸಪ್ಪಳ ಸಿಗುತ್ತದೆ. ಮಕ್ಕಳಿಗೆ ಹೇಳಿದರೆ ಕ್ಷಣದಲ್ಲಿ ಹುಡುಕಿ ಕೊಡುತ್ತಾರೆ. ನಾಯಿ ಉಣ್ಣುವ ಹೊತ್ತಿನಲ್ಲಿ ಆ ಸಪ್ಪಳವನ್ನು ಅತಿ ಸಣ್ಣದಾಗಿ, ನಮಗೇ ಕೇಳಿತೋ ಇಲ್ಲವೋ ಎನ್ನುವಂತೆ ಹಚ್ಚಿರಿ. ನಾಯಿ ಕಿವಿ ಆಡಿಸಿ ಮತ್ತೆ ಉಣ್ಣತೊಡಗಿದರೆ ಅಳತೆ ಸರಿಯಾಗಿದೆ. ಹತ್ತು ನಿಮಿಷ ಸಾಕು. ಎರಡು ಮೂರು ದಿನಕ್ಕೊಮ್ಮೆ ಒಂದು ಗೆರೆ ಏರಿಸಿರಿ. ಉಣ್ಣುವುದನ್ನು ಬಿಟ್ಟು ಎದ್ದಿತೆಂದರೆ ನೀವು ಅವಸರ ಮಾಡಿದಿರಿ, ಎರಡು ಗೆರೆ ಇಳಿಸಿರಿ. ಮೊಬೈಲು ಬೇಡವೆನ್ನುವವರು ಅಂಗಳದ ಆಚೆ ತುದಿಯಲ್ಲಿ ಡಬ್ಬಿಯ ಮುಚ್ಚಳವನ್ನು ಕಲ್ಲಿನ ಮೇಲೆ ಬೀಳಿಸಬಹುದು. ಆಮೇಲೆ ದಿನಕ್ಕೆ ನಾಲ್ಕು ಹೆಜ್ಜೆ ಹತ್ತಿರ ಬರಬಹುದು. ಮೊಬೈಲಿನ ಸದ್ದಿನಲ್ಲಿ ನೆಲ ಅದುರುವ ಗುಣವಿಲ್ಲ. ಅದಕ್ಕೆ ಒಗ್ಗಿದ ನಾಯಿ ನಿಜವಾದ ಪಟಾಕಿಗೆ ಪೂರ್ತಿ ಒಗ್ಗಿತೆಂದು ನಂಬಬಾರದು. ಆದರೂ ಹೆದರಿಕೆಯಲ್ಲಿ ಅಷ್ಟಿಷ್ಟಾದರೂ ಕಡಿಮೆಯಾಗುತ್ತದೆ. ಅಭ್ಯಾಸಕ್ಕೆಂದು ನಾಯಿಯ ಪಕ್ಕದಲ್ಲಿ ನಿಜವಾದ ಪಟಾಕಿ ಹಚ್ಚುವ ಜಾಣತನ ಮಾತ್ರ ಬೇಡವೇ ಬೇಡ. ಒಂದೇ ದಿನದಲ್ಲಿ ಕಾಯಂ ಹೆದರಿಕೆ ಕೂರುತ್ತದೆ.

ಮರಿ ಸಾಕುವವರಿಗೆ ಈ ಕೆಲಸ ಇನ್ನೂ ಹಗುರ. ಹುಟ್ಟಿದ ಮೂರನೆಯ ವಾರದಿಂದ ಮೂರು ತಿಂಗಳವರೆಗೆ ಮರಿಯ ಬುದ್ಧಿ ಹಸಿ ಮಣ್ಣಿನಂತಿರುತ್ತದೆ. ಆ ಕಾಲದಲ್ಲಿ ಪಾತ್ರೆಯ ಸಪ್ಪಳ, ಟ್ರ್ಯಾಕ್ಟರು, ರಾಶಿ ಯಂತ್ರ, ಡೊಳ್ಳು, ಹಲಗೆ ಎಲ್ಲವನ್ನೂ ದೂರದಿಂದ ಹಿತವಾಗಿ ಕೇಳಿಸಿರಿ. ಕುರಿಗಾರರು ಮೆಚ್ಚುವ ಮುಧೋಳ ನಾಯಿಯನ್ನೇ ತೆಗೆದುಕೊಳ್ಳಿರಿ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಕೇಂದ್ರವಿದೆ. 2016ರಲ್ಲಿ ಭಾರತೀಯ ಸೈನ್ಯ ಆ ತಳಿಯ ಮರಿಗಳನ್ನು ತರಬೇತಿಗಾಗಿ ಮೀರತ್ತಿಗೆ ಕರೆದೊಯ್ದಿತು. ಸೈನ್ಯದ ನಾಯಿ ಗುಂಡಿನ ಸದ್ದಿನ ನಡುವೆ ಕೆಲಸ ಮಾಡಬೇಕಲ್ಲ, ಅದನ್ನೂ ಹೀಗೆಯೇ ದೂರದಿಂದ ಹತ್ತಿರಕ್ಕೆ, ಸಣ್ಣದರಿಂದ ದೊಡ್ಡದಕ್ಕೆ ರೂಢಿ ಮಾಡಿಸುತ್ತಾರೆ.

ಈಗ ಹಬ್ಬದ ದಿನಕ್ಕೆ ಬರೋಣ. ಅಂದು ನಾಯಿಯನ್ನು ಎಲ್ಲಿ ಇಡಬೇಕು? ಹೊಲದಲ್ಲೋ, ಮನೆಯಲ್ಲೋ? ಇದನ್ನು ಸ್ವಲ್ಪ ವಿಚಾರ ಮಾಡಿ ಹೇಳಬೇಕಾಗಿದೆ.

ಪಟಾಕಿ ಸಿಡಿಯುವ ಜಾಗದಿಂದ ನಾಲ್ಕು ಮೀಟರ್ ದೂರದಲ್ಲಿ ಅದರ ಸದ್ದು 125 ಡೆಸಿಬಲ್ ಮೀರಬಾರದೆಂದು ಕೇಂದ್ರ ಸರ್ಕಾರದ 1999ರ ನಿಯಮವಿದೆ. ನಾವು ನೀವು ಮಾತಾಡುವುದು ಸುಮಾರು 60 ಡೆಸಿಬಲ್. ಬಯಲಿನಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಸದ್ದು ಸುಮಾರು ಆರು ಡೆಸಿಬಲ್ ಇಳಿಯುತ್ತದೆ. ನಾಲ್ಕು ಮೀಟರಿಗೆ 125 ಇದ್ದದ್ದು ಎಂಟಕ್ಕೆ 119, ಹದಿನಾರಕ್ಕೆ 113. ಹೀಗೆ ಇಳಿಯುತ್ತ ಒಂದು ಕಿಲೋಮೀಟರಿನ ಹತ್ತಿರ 80ಕ್ಕಿಂತ ಕೆಳಗೆ ಬರುತ್ತದೆ. ಅಂದರೆ ಮನೆಯ ಹಿತ್ತಲಲ್ಲಿ ಕಟ್ಟಿದ ನಾಯಿಗೆ ಏನೂ ಉಳಿತಾಯವಿಲ್ಲ, ಊರಿಂದ ಮೈಲು ದೂರದ ಹೊಲದ ಗುಡಿಸಲಿನಲ್ಲಿದ್ದ ನಾಯಿಗೆ ಬಹಳ ಉಳಿತಾಯವಿದೆ.

ಆದ್ದರಿಂದ ನನ್ನ ಅಭಿಪ್ರಾಯ ಹೀಗಿದೆ. ಹೊಲದಲ್ಲೇ ಬೆಳೆದ ನಾಯಿಯನ್ನು ಹಬ್ಬಕ್ಕೆಂದು ಊರಿಗೆ ತರಬೇಡಿರಿ. ಹೋಳಿಗೆಯ ತುಣುಕನ್ನು ಹೊಲಕ್ಕೇ ಒಯ್ದು ಹಾಕಿದರೆ ಅದರ ಹಬ್ಬವಾಯಿತು. ಆದರೆ ಅಂದು ಸಂಜೆ ಅದನ್ನು ಒಂಟಿಯಾಗಿಯೂ ಬಿಡಬೇಡಿರಿ. ಮನೆಯ ಒಬ್ಬರು, ನಾಯಿಗೆ ಸಲಿಗೆಯಿದ್ದವರು, ಗುಡಿಸಲಿನಲ್ಲಿ ಇರಬೇಕು. ಹಬ್ಬದ ರಾತ್ರಿ ಯಾರು ಹೊಲಕ್ಕೆ ಹೋಗುತ್ತಾರೆ ಅಂತೀರಿ. ಮೂರು ರಾತ್ರಿಯನ್ನು ಅಣ್ಣತಮ್ಮಂದಿರು ಹಂಚಿಕೊಂಡರೆ ಒಬ್ಬೊಬ್ಬರಿಗೆ ಒಂದೇ ಬರುತ್ತದೆ, ಹಂದಿಯ ಕಾವಲೂ ಆಗುತ್ತದೆ. ಮನೆಯಲ್ಲೇ ಬೆಳೆದ ನಾಯಿಯನ್ನು ಮಾತ್ರ ಅಂದೇ ಗುರುತಿಲ್ಲದ ಹೊಲಕ್ಕೆ ಒಯ್ದು ಕಟ್ಟುವುದು ತಪ್ಪು. ಹೊಸ ಜಾಗದ ದಿಗಿಲು ಬೇರೆ ಸೇರುತ್ತದೆ. ಒಯ್ಯುವುದೇ ಆದರೆ ಸೀಗಿ ಹುಣ್ಣಿಮೆಗೆ ಹೊಲದ ಪೂಜೆಗೆ ಹೋಗುವಾಗ ಕರೆದೊಯ್ದು ಜಾಗ ತೋರಿಸಿರಿ, ಆಮೇಲೆ ನಾಲ್ಕಾರು ರಾತ್ರಿ ಅಲ್ಲಿ ಮಲಗಿಸಿರಿ.

ಮನೆಯಲ್ಲಿ ಇಡುವವರಿಗೆ ಒಂದು ಅನುಕೂಲವಿದೆ. ನಮ್ಮ ಹಳೆಯ ಮಾಳಿಗೆ ಮನೆಗಳ ದಪ್ಪ ಗೋಡೆಯಂಥ ಸದ್ದು ತಡೆಯುವ ವಸ್ತು ಬೇರೆ ಇಲ್ಲ. ತಗಡಿನ ಮನೆ ಇದಕ್ಕೆ ಕೆಟ್ಟದ್ದು, ಸದ್ದು ಒಳಗೇ ಮೊಳಗುತ್ತದೆ. ಮನೆಯ ನಡುವಿನ, ಬೀದಿಗೆ ಕಿಟಕಿ ಇಲ್ಲದ ಕೋಣೆ ಆರಿಸಿರಿ. ಬೆಳಕಿಂಡಿಗೆ ಗೋಣಿಚೀಲ ತುರುಕಿರಿ, ಬಾಗಿಲಿಗೆ ಕೌದಿ ಇಳಿಬಿಡಿರಿ. ಹೊರಸಿನ ಕೆಳಗೆ ನಾಯಿ ದಿನಾ ಮಲಗುವ ತಟ್ಟನ್ನೇ ಹಾಸಿರಿ, ತೊಳೆದ ಹೊಸದು ಬೇಡ, ಅದರದೇ ವಾಸನೆ ಇರಲಿ. ದೀಪ ಉರಿಯುತ್ತಿರಲಿ. ಕತ್ತಲೆ ಕೋಣೆಯಲ್ಲಿ ಪಟಾಕಿಯ ಮಿಂಚು ಎದ್ದು ಕಾಣುತ್ತದೆ. ರೇಡಿಯೋ ಹಚ್ಚಿರಿ, ಆದರೆ ಊರಲ್ಲಿ ಸದ್ದು ಶುರುವಾಗುವ ಅರ್ಧ ಗಂಟೆ ಮೊದಲು. ಪಟಾಕಿಯನ್ನು ಮೀರಿಸಲು ರೇಡಿಯೋವನ್ನೂ ಅರಚಿಸಬೇಡಿರಿ. ನಾಯಿ ತಾನಾಗಿ ಆರಿಸಿಕೊಂಡ ಮೂಲೆಯಿಂದ ಅದನ್ನು ಎಳೆಯಬೇಡಿರಿ. ತಂಪಾಗಿದೆ, ಸದ್ದಿಲ್ಲ ಎಂದು ಹಳೆಯ ಹಗೇವಿನಲ್ಲಿ ಇಳಿಸುವ ವಿಚಾರ ಯಾರಿಗಾದರೂ ಬಂದೀತು. ಹಗೇವಿನ ಗಾಳಿ ಕೆಟ್ಟಿರುತ್ತದೆ, ಇಳಿದ ಮನುಷ್ಯರೇ ಸತ್ತಿದ್ದಾರೆ.

ಆ ದಿನ ಸಂಜೆ ನಾಲ್ಕಕ್ಕೇ ಹೊಟ್ಟೆ ತುಂಬ ಉಣ್ಣಿಸಿರಿ. ಹೊತ್ತು ಮುಳುಗುವ ಮೊದಲು ಹಗ್ಗ ಹಿಡಿದು ಹೊರಗೆ ತಿರುಗಿಸಿ ಮಲಮೂತ್ರ ಮುಗಿಸಿರಿ. ಕುಡಿಯುವ ನೀರು ಕೋಣೆಯಲ್ಲೇ ಇರಲಿ. ಕೊರಳಿಗೆ ಗಟ್ಟಿ ಪಟ್ಟಿ, ಪಟ್ಟಿಗೆ ನಿಮ್ಮ ಊರು ಮತ್ತು ಮೊಬೈಲ್ ಸಂಖ್ಯೆ ಕೊರೆದ ಒಂದು ಬಿಲ್ಲೆ ಹಾಕಿರಿ. ಕೋಣೆಯೊಳಗೆ ಕಟ್ಟಬೇಡಿರಿ. ಸರಪಳಿ ಹಾಕಿ ಕಂಬಕ್ಕೆ ಬಿಗಿದ ನಾಯಿ ಬೆಚ್ಚಿ ಎಳೆದಾಗ ಕೊರಳು ಸಿಕ್ಕಿ ಉಸಿರು ಹೋಗಬಹುದು. ನರಕ ಚತುರ್ದಶಿಯಂದು ನಸುಕಿನಲ್ಲೇ ಪಟಾಕಿ ಶುರುವಾಗುತ್ತದೆ, ಪಾಡ್ಯದಂದು ಅಂಗಡಿ ಪೂಜೆಗಳ ಸದ್ದು. ಹಾಗಾಗಿ ಈ ಏರ್ಪಾಡು ಒಂದು ರಾತ್ರಿಯದಲ್ಲ, ಮೂರು ದಿನದ್ದು.

ಯಾರಾದರೂ ಜೊತೆಗೆ ಕೂಡಬೇಕು. ಪಟಾಕಿ ನೋಡುವ ಹುಮ್ಮಸ್ಸಿಲ್ಲದ ಅಜ್ಜಿ ಈ ಕೆಲಸಕ್ಕೆ ಎಲ್ಲರಿಗಿಂತ ಯೋಗ್ಯಳು. "ಹೆದರಿದ ನಾಯಿಗೆ ಮೈ ಸವರಿದರ ಹೆದರಿಕಿ ಹೆಚ್ಚಾಗ್ತದ" ಎನ್ನುವ ಮಾತು ಹಿಂದೆ ಬಲ್ಲವರ ಬಾಯಲ್ಲೂ ಇತ್ತು. ಅದು ನಿಜವಲ್ಲವೆಂದು ಈಗ ತಿಳಿದುಬಂದಿದೆ. ಹೆದರಿಕೆ ಎಂಬುದು ನಾಯಿ ಲಾಭಕ್ಕಾಗಿ ಕಲಿತ ಆಟವಲ್ಲ. ಹತ್ತಿರ ಬಂದರೆ ಕೂಡಿಸಿಕೊಳ್ಳಿರಿ, ನಿಧಾನವಾಗಿ ಎದೆ, ಬೆನ್ನು ಸವರಿರಿ, ಎಂದಿನ ದನಿಯಲ್ಲಿ ಮಾತಾಡಿರಿ. ಬಯ್ಯುವುದು, ಬಡಿಯುವುದು, "ನೋಡು, ಏನೂ ಆಗಂಗಿಲ್ಲ" ಎಂದು ಹೊರಗೆ ಎಳೆದೊಯ್ಯುವುದು, ಇವೇ ಹೆದರಿಕೆಯನ್ನು ಬೆಳೆಸುವುವು. ಹಳೆಯ ಧೋತರವನ್ನು ಎದೆಯ ಸುತ್ತ ಹಿತವಾಗಿ ಸುತ್ತಿದರೆ ಕೆಲವು ನಾಯಿಗಳು ಶಾಂತವಾಗುತ್ತವೆ, ಕೆಲವಕ್ಕೆ ಅದೇ ಕಿರಿಕಿರಿ. ಮೊದಲೇ ಒಂದು ದಿನ ಸುತ್ತಿ ನೋಡಿ ತಿಳಿಯಿರಿ.

ಇನ್ನೊಂದು ಉಪಾಯ ಅಜ್ಜಿಯ ಕೈಯಲ್ಲಿರಲಿ. ಒಂದು ಬಟ್ಟಲಲ್ಲಿ ತುಪ್ಪ ಸವರಿದ ರೊಟ್ಟಿಯ ಚೂರು, ಇಲ್ಲವೆ ಎಲುಬಿಲ್ಲದ ಬೇಯಿಸಿದ ಮಾಂಸದ ಚೂರು. ಹೊರಗೆ ಢಂ ಎಂದ ಕೂಡಲೆ ಒಂದು ಚೂರು. ಮತ್ತೆ ಢಂ, ಮತ್ತೊಂದು ಚೂರು. ಕ್ರಮ ತಪ್ಪಬಾರದು: ಮೊದಲು ಸದ್ದು, ಆಮೇಲೆ ತಿನಿಸು. ತಿರುವುಮುರುವಾದರೆ ತಿನಿಸು ಕಂಡಾಗಲೇ ನಾಯಿ ನಡುಗೀತು. ತಿನ್ನುವ ಸ್ಥಿತಿಯಲ್ಲಿರುವ ನಾಯಿಗೆ ಇದಕ್ಕಿಂತ ಒಳ್ಳೆಯದು ನನಗೆ ತಿಳಿದ ಮಟ್ಟಿಗೆ ಬೇರೆ ಇಲ್ಲ. ಗುಡುಗಿಗೆ ಹೆದರುವ ನಾಯಿಗೂ ಇದೇ ಉಪಾಯ.

ಔಷಧದ ವಿಷಯ. ಬಹಳ ಹೆದರುವ ನಾಯಿಗೆ ಒಳ್ಳೆಯ ಗುಳಿಗೆಗಳು ಈಗ ಉಂಟು. ಅವನ್ನು ಪಶುವೈದ್ಯರೇ ನಾಯಿಯ ತೂಕ ನೋಡಿ ಕೊಡಬೇಕು, ಸದ್ದು ಶುರುವಾಗುವ ಮೊದಲೇ ಹೊಟ್ಟೆಗೆ ಹೋಗಿರಬೇಕು. ಹಬ್ಬಕ್ಕೆ ಎರಡು ವಾರ ಇರುವಾಗ ಆಸ್ಪತ್ರೆಗೆ ಹೋದರೆ ಒಮ್ಮೆ ಕೊಟ್ಟು ನೋಡಲೂ ಅವಕಾಶ ಸಿಗುತ್ತದೆ. ಅಸಿಪ್ರೊಮಜಿನ್ ಎಂಬ ಹಳೆಯ ಮದ್ದನ್ನು ಮಾತ್ರ ಕೇಳಿ ಪಡೆಯಬೇಡಿರಿ. ಅದೊಂದನ್ನೇ ಕೊಟ್ಟರೆ ಮೈ ಜಡವಾಗುತ್ತದೆ, ಒಳಗಿನ ಹೆದರಿಕೆ ಹಾಗೆಯೇ ಇರುತ್ತದೆ. ಓಡಲಾರದೆ ಬಿದ್ದುಕೊಂಡ ನಾಯಿಯನ್ನು ನೋಡಿ ನಾವು ಶಾಂತವಾಗಿದೆ ಎನ್ನುತ್ತೇವೆ. ಮನುಷ್ಯರ ನಿದ್ದೆಗುಳಿಗೆ, ನೋವಿನ ಗುಳಿಗೆ ಬೇಡ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ನಾಯಿಗೆ ವಿಷವಾಗಬಲ್ಲವು. ಹಾಲಿನಲ್ಲಿ ಸಾರಾಯಿ ಬೆರೆಸಿ ಕುಡಿಸುವವರಿಗೆ ನಾನು ಹೇಳುವುದು ಇಷ್ಟೇ: ಅದರಿಂದ ನಾಯಿಯ ಪ್ರಾಣಕ್ಕೇ ಅಪಾಯ.

ಇಷ್ಟಾದರೂ ನಾಯಿ ತಪ್ಪಿಸಿಕೊಂಡಿತು ಅನ್ನಿರಿ. ಕೂಗುತ್ತ ಬೆನ್ನು ಹತ್ತಬೇಡಿರಿ. ಬೆನ್ನ ಹಿಂದಿನ ಕೂಗನ್ನು ಅದು ಇನ್ನೊಂದು ಪಟಾಕಿಯೆಂದೇ ತಿಳಿಯುತ್ತದೆ. ಅದು ಮಲಗುವ ತಟ್ಟು, ನಿಮ್ಮ ಉಟ್ಟು ಬಿಟ್ಟ ಅಂಗಿ, ನೀರು ಇವನ್ನು ಓಡಿದ ಜಾಗದಲ್ಲಿ ಇಡಿರಿ. ಹೊಲದ ಗುಡಿಸಲಿನ ಬಾಗಿಲು ತೆರೆದಿಡಿರಿ. ಸದ್ದು ನಿಂತ ಮೇಲೆ, ನಸುಕಿನಲ್ಲಿ, ಒಬ್ಬರೇ ಹೋಗಿ ಎಂದಿನಂತೆ ಕರೆಯಿರಿ. ಹಳ್ಳದ ಸೇತುವೆಯ ಕೆಳಗೆ, ಕಬ್ಬಿನ ಅಂಚಿನಲ್ಲಿ, ಕಣಿಕೆಯ ಬಣವಿಯ ಸಂದಿನಲ್ಲಿ ನೋಡಿರಿ.

ಅಂಥ ನಾಯಿಯನ್ನು ಎದುರಿಗೆ ಹೋಗಿ ತಬ್ಬಿ ಹಿಡಿಯಬೇಡಿರಿ. ಸ್ವಂತದ ನಾಯಿಯೂ ಆ ಗಳಿಗೆಯಲ್ಲಿ ಕಚ್ಚೀತು. ಮಕ್ಕಳನ್ನು ಹತ್ತಿರ ಬಿಡಲೇಬಾರದು. ಯಾವ ನಾಯಿಯೇ ಕಚ್ಚಲಿ, ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆಯಿರಿ. ಸುಣ್ಣ, ಖಾರದ ಪುಡಿ, ಅರಿಶಿನ ಏನೂ ಹಚ್ಚದೆ ಅಂದೇ ಸರ್ಕಾರಿ ದವಾಖಾನೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಿರಿ, ಹೇಳಿದ ದಿನಗಳಂದು ತಪ್ಪದೆ ಪೂರ್ತಿ ಮುಗಿಸಿರಿ. ಹುಚ್ಚುನಾಯಿ ರೋಗ ತೋರಿಕೊಂಡ ಮೇಲೆ ಪ್ರಾಣ ಉಳಿಯುವುದಿಲ್ಲ. ನಾಯಿಗೆ ವರ್ಷಕ್ಕೊಮ್ಮೆ ಲಸಿಕೆ ಹಾಕಿಸಿದ್ದರೆ ಈ ಚಿಂತೆಯೇ ಬಹಳ ಕಡಿಮೆ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಆ ಸುಮಾರಿಗೆ ಪಶು ಆಸ್ಪತ್ರೆಗಳಲ್ಲಿ ವಿಚಾರಿಸಿರಿ. ದೀಪಾವಳಿಗೆ ಮೊದಲೇ ಆ ಕೆಲಸ ಮುಗಿದುಹೋಗುತ್ತದೆ.

ಸಿಡಿಮದ್ದಿನ ಮಾತೊಂದು ಉಳಿಯಿತು. ಹಂದಿ ಓಡಿಸಲು ಹೊಲದಲ್ಲಿ ದಿನಾ ರಾತ್ರಿ ಪಟಾಕಿ ಸುಡುವವರು ಇದ್ದಾರೆ. ಹಂದಿ ನಾಲ್ಕು ದಿನದಲ್ಲಿ ಅದಕ್ಕೆ ಒಗ್ಗಿಕೊಳ್ಳುತ್ತದೆ, ಕಾಯುವ ನಾಯಿ ಮಾತ್ರ ಹೊಲ ಬಿಡುತ್ತದೆ. ಇದು ಯಾವ ಲಾಭದ ವ್ಯಾಪಾರ? ಹಿಟ್ಟಿನ ಉಂಡೆಯೊಳಗೆ ಸಿಡಿಮದ್ದು ಇಟ್ಟು ಬದುವಿನಲ್ಲಿ ಹಾಕುವುದಂತೂ ಅಪರಾಧ. ಅದನ್ನು ಹಂದಿಯೇ ಕಚ್ಚುತ್ತದೆಂದು ಯಾರು ಹೇಳಬೇಕು? ಮೇಯುವ ಆಕಳು ಕಚ್ಚುತ್ತದೆ, ನಾಯಿ ಕಚ್ಚುತ್ತದೆ, ಕೂಸು ಕೈಯಲ್ಲಿ ಎತ್ತಿಕೊಳ್ಳುತ್ತದೆ. ದವಡೆ ಸಿಡಿದ ಆಕಳು ಮೇವು ತಿನ್ನಲಾರದೆ ಸಾಯುವುದನ್ನು ಒಮ್ಮೆ ನೋಡಿದವರು ಇನ್ನೊಮ್ಮೆ ಆ ಉಂಡೆ ಮುಟ್ಟಲಾರರು. ಕಾಡುಹಂದಿಯಿಂದ ಬೆಳೆ ಹಾಳಾದರೆ ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟು ಪರಿಹಾರ ಕೇಳಲು ದಾರಿ ಇದೆ.

ಊರಲ್ಲಿ ಹಿರಿಯರು ಕೂಡಿ ಒಂದು ಮಾತು ಆಡಿಕೊಂಡರೆ ಅರ್ಧ ಕೆಲಸ ಹಗುರಾಗುತ್ತದೆ. 2018ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ದೀಪಾವಳಿಯ ಪಟಾಕಿಗೆ ರಾತ್ರಿ 8ರಿಂದ 10 ಗಂಟೆಯ ಹೊತ್ತು ಗೊತ್ತುಮಾಡಿ, ಸರ ಪಟಾಕಿಯನ್ನು ನಿಷೇಧಿಸಿತು. ಹೊತ್ತು ಗೊತ್ತಿದ್ದರೆ ನಾಯಿ ಕಟ್ಟುವವನಿಗೂ ದನ ಕಟ್ಟುವವನಿಗೂ ಅನುಕೂಲ. ಹಸಿರು ಪಟಾಕಿ ಎಂದರೆ ಹೊಗೆ ಕಡಿಮೆ ಎಂದಷ್ಟೆ, ಸದ್ದಿಲ್ಲವೆಂದು ತಿಳಿಯಬಾರದು. ಊರ ಹೊರಗೆ, ಬಣವಿ ಇಲ್ಲದ ಬಯಲಲ್ಲಿ ಎಲ್ಲರೂ ಕೂಡಿ ಸುಟ್ಟರೆ ಮಕ್ಕಳಿಗೂ ಚಂದ. ಬಾಲಕ್ಕೆ ಪಟಾಕಿ ಕಟ್ಟಿ ನಾಯಿ ಓಡಿಸುವ ಹುಡುಗರಿದ್ದರೆ, ಅದು 1960ರ ಪ್ರಾಣಿ ಹಿಂಸೆ ತಡೆ ಕಾಯದೆಯಂತೆ ಅಪರಾಧವೆಂದು ತಿಳಿಸಿ ಹೇಳಿರಿ. ಬೀದಿ ನಾಯಿಗಳಿಗೆ ಹಾಳು ಕೊಟ್ಟಿಗೆಯ ಬಾಗಿಲೊಂದು ತೆರೆದಿರಲಿ.

ಮರುದಿನ ಮುಂಜಾನೆ ಅಂಗಳ ಗುಡಿಸುವಾಗ ಸಿಡಿಯದೆ ಉಳಿದ ಪಟಾಕಿ, ಮದ್ದಿನ ಪುಡಿ, ಕಾಗದ ಎಲ್ಲವನ್ನೂ ನೀರು ಹಾಕಿ ತೋಯಿಸಿ ತೆಗೆಯಿರಿ. ಅದರಲ್ಲಿ ಬೇರಿಯಮ್, ಗಂಧಕ, ಪೆಟ್ಲುಪ್ಪು ಇರುತ್ತವೆ. ನಾಯಿ ನೆಕ್ಕಿದರೂ, ದನ ಕಾಗದದೊಡನೆ ತಿಂದರೂ ವಾಂತಿ, ಭೇದಿ, ನಡುಕ ಬರಬಹುದು. ಹಾಗೇನಾದರೂ ಕಂಡರೆ, ಇಲ್ಲವೆ ಸುಟ್ಟ ಗಾಯವಾಗಿದ್ದರೆ, ಗಾಯಕ್ಕೆ ತಣ್ಣೀರು ಹಾಕುತ್ತ 1962 ಸಂಖ್ಯೆಗೆ ಫೋನು ಮಾಡಿರಿ. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ ಇರುವ ಸಂಖ್ಯೆ ಅದು, ಕರೆಗೆ ಹಣ ಬೀಳುವುದಿಲ್ಲ. ಯಾವ ಊರು, ಯಾವ ಪ್ರಾಣಿ, ಏನು ತಿಂದಿತು, ಎಷ್ಟು ಹೊತ್ತಾಯಿತು, ಈ ನಾಲ್ಕು ಮಾತು ಸರಿಯಾಗಿ ಹೇಳಿದರೆ ಬರುವವರು ತಕ್ಕ ಔಷಧ ಹಿಡಿದು ಬರುತ್ತಾರೆ.